ಬಡಗಿಯ ಮುಂಬಟ್ಟೆ

(ಆಕಾಶವಾಣಿ ಭಾಷಣ)

ಮೂವತ್ತಾರು ವರ್ಷಗಳ ಕಾಲ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ಅಂಥವನು ಈ ಹೊತ್ತು ತಮ್ಮ ಮುಂದೆ ಏಪ್ರನ್ ಎಂಬ ಉಡುಪನ್ನು ಕುರಿತು ಮಾತನಾಡಲು ಕುಳಿತಿದ್ದೇನೆಂದರೆ ಕೆಲವರಿಗೆ ಆಶ್ಚರ್ಯವಾದೀತು. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಕೇಳುತ್ತಿದ್ದರೆ ಅವರಿಗೆ ಕೊಂಚ ನಗುವೂ ಬಂದೀತು. ಸೀಮೆಸುಣ್ಣದ ಪುಡಿಯನ್ನು ಕೋಟಿನ ತೋಳಿನಿಂದಲೇ ಒರೆಸಿಕೊಳ್ಳುತ್ತಿದ್ದ ಮೇಷ್ಟ್ರು ಬಟ್ಟೆಯನ್ನು ಕಾಪಾಡಿಕೊಳ್ಳುವ ವಿಚಾರವಾಗಿ ಉಪದೇಶ ಮಾಡುವುದೆಂದರೇನು? ಆದರೆ ನಿವೃತ್ತಿ ಎಂಬುದು ಮನುಷ್ಯನಿಗೆ ಅನೇಕ ಪಾಠಗಳನ್ನು ಕಲಿಸುತ್ತದೆ. ನನಗೆ ಅದು ಮರಗೆಲಸವನ್ನು ಕಲಿಸಿತು. ಮರಗೆಲಸ ಏಪ್ರನ್ನಿನ ಬೆಲೆಯನ್ನು ಕಲಿಸಿತು. ಆ ಬೆಲೆ ಎಷ್ಟೆಂಬುದು ನನಗೆ ತಿಳಿದದ್ದು ಅರ್ಧ ಕ್ಷಣದಲ್ಲಿ. ಆ ಅರ್ಧ ಕ್ಷಣದ ಕಥೆಯನ್ನು ಮುಂದೆ ಹೇಳುತ್ತೇನೆ.

ಏಳು ವರ್ಷಗಳ ಹಿಂದಿನ ಮಾತು. ನಮ್ಮ ಹಳೆಯ ಮನೆಯ ಹಿತ್ತಿಲ ಬಾಗಿಲಿನ ಚೌಕಟ್ಟಿಗೆ ಗೆದ್ದಲು ಹಿಡಿಯಿತೆಂದು ಬಡಗಿಯೊಬ್ಬರನ್ನು ಕರೆಸಿದೆವು. ನನಗಿಂತ ನಾಲ್ಕೈದು ವರ್ಷ ಹಿರಿಯರು. ಅವರು ಹತ್ತರಿ ಹೊಡೆಯುವಾಗ ಮರದಿಂದ ಸುರುಳಿ ಸುರುಳಿಯಾಗಿ ಏಳುತ್ತಿದ್ದ ಹೊಟ್ಟನ್ನು ನೋಡುತ್ತ ನಾನು ಮೂರು ದಿನ ಹಿತ್ತಿಲಲ್ಲೇ ಕುಳಿತೆ. ನಾಲ್ಕನೆಯ ದಿನ, "ಆಚಾರ್ರೇ, ನನಗೂ ಇದನ್ನು ಕಲಿಸಿಕೊಡುತ್ತೀರಾ?" ಎಂದು ಕೇಳಿಬಿಟ್ಟೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಆಗಲಿ ಮೇಷ್ಟ್ರೇ, ಮೊದಲು ಈ ಪಂಚೆ, ಈ ಜುಬ್ಬ ಬಿಟ್ಟು ಬನ್ನಿ. ಕಲಿಯೋದು ಆಮೇಲೆ" ಎಂದರು. ವಿದ್ಯಾರಂಭ ಹೀಗೆ ಉಡುಪಿನಿಂದಲೇ ಆಯಿತು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿ ಕಾಯಕದ ಬಸವಯ್ಯನೆಂಬ ವಚನಕಾರನಿದ್ದಾನಷ್ಟೆ. ಅವನ ಹೆಸರನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆ. ಕಾಯಕದ ಮಹತ್ತ್ವವನ್ನು ಕುರಿತು ಗಂಟೆಗಟ್ಟಲೆ ಮಾತನಾಡುತ್ತಿದ್ದೆ. ಆದರೆ ಬಾಚಿಯನ್ನು ಕೈಯಲ್ಲಿ ಹಿಡಿದು ನೋಡಿದ್ದು ಅರವತ್ತು ತುಂಬಿದ ಮೇಲೆ. ಹಿಡಿದ ಮೇಲೆ ತಿಳಿಯಿತು, ಆ ಹೆಸರಿನ ಭಾರವೆಷ್ಟೆಂದು.

ಏಪ್ರನ್ ಎಂಬ ಮಾತಿಗೆ ಕನ್ನಡದಲ್ಲಿ ಒಪ್ಪಿತವಾದ ಪದವಿಲ್ಲ. ನಮ್ಮ ಬಡಗಿಗಳು ಸೊಂಟಕ್ಕೆ ಒಂದು ಹಳೆಯ ಟವಲು ಸುತ್ತಿ, ಕಿವಿಯ ಮೇಲೆ ಸೀಸದ ಕಡ್ಡಿ ಸಿಕ್ಕಿಸಿ ಕೆಲಸಕ್ಕೆ ಕೂರುವವರು. ಉಡುಪೇ ಇಲ್ಲದ ಕಡೆ ಹೆಸರೆಲ್ಲಿಂದ ಬಂದೀತು? 'ಮುಂಬಟ್ಟೆ' ಎಂದು ನಾನೇ ಒಂದು ಪದ ಮಾಡಿಕೊಂಡಿದ್ದೇನೆ. ಹಳಗನ್ನಡ ಬಲ್ಲ ಮಿತ್ರರೊಬ್ಬರು, "ಬಟ್ಟೆ ಎಂದರೆ ದಾರಿಯೂ ಹೌದಲ್ಲ, ಇದು ಯಾವ ಊರಿಗೆ ಹೋಗುವ ದಾರಿ?" ಎಂದು ಹಾಸ್ಯ ಮಾಡಿದರು. ಇಂಗ್ಲಿಷಿನ ಪದಕ್ಕೂ ಒಂದು ಸ್ವಾರಸ್ಯವಾದ ಚರಿತ್ರೆಯುಂಟು. ಅದು ಮೊದಲು 'ನೇಪ್ರನ್' ಎಂದಿತ್ತು. ಹಳೆಯ ಫ್ರೆಂಚಿನಲ್ಲಿ ಮೇಜಿನ ಮೇಲೆ ಹಾಸುವ ಬಟ್ಟೆಗಿದ್ದ ಹೆಸರಿನಿಂದ ಹುಟ್ಟಿದ ಪದ. ನ್ಯಾಪ್‌ಕಿನ್ ಎಂಬುದೂ ಅದೇ ಮನೆತನದ್ದು. 'ಎ ನೇಪ್ರನ್' ಎಂದು ಹೇಳುವಾಗ ನಕಾರವು ಹಿಂದಿನ ಅಕ್ಷರಕ್ಕೆ ಅಂಟಿಕೊಂಡು, ಜನ ಅದನ್ನು 'ಆ್ಯನ್ ಏಪ್ರನ್' ಎಂದು ಒಡೆದುಕೊಂಡರು. ಹೀಗೆ ಪದ ತನ್ನ ತಲೆಯನ್ನೇ ಕಳೆದುಕೊಂಡಿತು. ಬಡಗಿಯ ಬೈರಿಗೆಗೆ ಇಂಗ್ಲಿಷಿನಲ್ಲಿ ಆಗರ್ ಎನ್ನುತ್ತಾರೆ. ಅದಕ್ಕೂ ಇದೇ ಗತಿಯಾಯಿತು. ಅದರ ಹಳೆಯ ರೂಪದ ಮೊದಲ ಭಾಗಕ್ಕೆ ಗಾಡಿಯ ಚಕ್ರದ ಗುಂಬವೆಂದು ಅರ್ಥ. ಅದು ನಮ್ಮ ಸಂಸ್ಕೃತದ ನಾಭಿ ಶಬ್ದಕ್ಕೆ ಬಂಧು. ಚಕ್ರದ ನಾಭಿಯನ್ನು ಕೊರೆಯುವ ಆಯುಧವೆಂದು ಆ ಹೆಸರು. ನಕಾರ ಹೋಗಿ ನಾಭಿಯ ಗುರುತೇ ಅಳಿಸಿತು. ಬಡಗಿಯ ಉಡುಪು, ಬಡಗಿಯ ಉಪಕರಣ ಎರಡೂ ಒಂದೇ ಬಗೆಯ ಗರಗಸಕ್ಕೆ ಸಿಕ್ಕಿದವೆಂದು ತಮಾಷೆಗೆ ಹೇಳಬಹುದು. ನಮ್ಮ 'ಬಡಗಿ'ಯಾದರೂ ಸಂಸ್ಕೃತದ ವರ್ಧಕಿ ಸವೆದು ಸವೆದು ಆದ ರೂಪವೇ ತಾನೆ?

ಪದದ ಮಾತು ಇಲ್ಲಿಗೆ ಸಾಕು, ಪದಾರ್ಥಕ್ಕೆ ಬರೋಣ. ಮರಗೆಲಸದವನಿಗೆ ಏಪ್ರನ್ ಏಕೆ ಬೇಕು? ನಾಲ್ಕು ಕಾರಣಗಳನ್ನು ಹೇಳಬಹುದು. ಮೊದಲನೆಯದು, ಅಂಟು, ಅರಗು, ಬಣ್ಣ, ಎಣ್ಣೆಗಳಿಂದ ಒಳಗಿನ ಬಟ್ಟೆಯನ್ನು ಕಾಪಾಡುವುದು. ಎರಡನೆಯದು, ಒರಟು ಹಲಗೆಯನ್ನು ಎದೆಗೆ ಹೊಟ್ಟೆಗೆ ಆತು ಹಿಡಿದಾಗ ಸಿಬಿರು ಚುಚ್ಚದಂತೆ, ಮರದ ಚೂರು ಸಿಡಿದಾಗ ನೇರವಾಗಿ ಮೈಗೆ ತಾಗದಂತೆ ತಡೆಯುವುದು. ಮೂರನೆಯದು, ಸೀಸದ ಕಡ್ಡಿ, ಅಳತೆಪಟ್ಟಿ, ಸಣ್ಣ ಮೂಲೆಮಟ್ಟ ಮುಂತಾದವು ಕೈಗೆ ಎಟುಕುವಂತೆ ಇರುವುದು. ನಾಲ್ಕನೆಯದು, ಅಂಗಿಯ ತುದಿ, ಗುಂಡಿಯ ಸಂದು, ಕೊರಳ ಸರ ಮೊದಲಾದ ಜೋತಾಡುವ ವಸ್ತುಗಳನ್ನೆಲ್ಲ ಮೈಗೆ ಒತ್ತಿ ಕಟ್ಟಿಡುವುದು. ಈ ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ, ನಾನೂ ಮರೆತಿದ್ದೆ. ಇಷ್ಟೆಲ್ಲ ಆದರೂ ಏಪ್ರನ್ ಕವಚವಲ್ಲವೆಂಬುದನ್ನು ನೆನಪಿಡಬೇಕು. ಅದನ್ನು ತೊಟ್ಟವನ ಕಣ್ಣಿಗೆ ಕನ್ನಡಕ ಬೇಕು, ಮೂಗಿಗೆ ಧೂಳು ತಡೆಯುವ ಮುಸುಕು ಬೇಕು. ಉಳಿ ಜಾರಿದರೆ ದಪ್ಪ ಕ್ಯಾನ್ವಾಸನ್ನೂ ಸೀಳಿಕೊಂಡು ಹೋಗುತ್ತದೆ.

ಇನ್ನು ಬಟ್ಟೆ. ನನ್ನ ಮೊದಲನೆಯ ಏಪ್ರನ್ ಚರ್ಮದ್ದು. ಅದನ್ನು ಕೊಳ್ಳಲು ಕಾರಣ ಸಾಹಿತ್ಯವೇ ಎಂದರೆ ತಪ್ಪಾಗದು. ಪಾರಸಿಯ ಮಹಾಕವಿ ಫಿರ್ದೌಸಿ ಸುಮಾರು 1010ರಲ್ಲಿ ಮುಗಿಸಿದ 'ಶಾಹನಾಮೆ'ಯಲ್ಲಿ ಕಾವೆ ಎಂಬ ಕಮ್ಮಾರನ ಕಥೆ ಬರುತ್ತದೆ. ದುಷ್ಟನಾದ ಜಹ್ಹಾಕನ ಹೆಗಲ ಮೇಲೆ ಬೆಳೆದ ಹಾವುಗಳಿಗೆ ಆ ಕಮ್ಮಾರನ ಮಕ್ಕಳು ಒಬ್ಬರಾದ ಮೇಲೊಬ್ಬರು ಆಹಾರವಾಗುತ್ತಾರೆ. ಕಡೆಗೆ ಅವನು ರೇಗಿ, ತಾನು ತೊಟ್ಟಿದ್ದ ಚರ್ಮದ ಏಪ್ರನ್ನನ್ನೇ ಈಟಿಯ ತುದಿಗೆ ಕಟ್ಟಿ, ಜನರನ್ನು ಕೂಡಿಸಿ ದಂಗೆಯೇಳುತ್ತಾನೆ. ಅದೇ ಮುಂದೆ ಇರಾನಿನ ರಾಜಧ್ವಜವಾಯಿತೆಂದು ಕಾವ್ಯ ಹೇಳುತ್ತದೆ. ದುಡಿಯುವವನ ಮೈಬಟ್ಟೆಗೆ ಇದಕ್ಕಿಂತ ದೊಡ್ಡ ಗೌರವ ಸಂದದ್ದುಂಟೆ? ಆ ಉತ್ಸಾಹದಲ್ಲಿ ಚರ್ಮದ್ದನ್ನೇ ತಂದೆ. ತೂಗಿ ನೋಡಿದರೆ ಒಂದು ಕಿಲೋ ಇನ್ನೂರು ಗ್ರಾಂ! ಚೈತ್ರಮಾಸದ ಬಿಸಿಲು, ಅರ್ಧ ಗಂಟೆಯಲ್ಲಿ ಮೈಯೆಲ್ಲ ತೊಯ್ದು ಹೋಯಿತು. ಸಂಜೆಯ ಹೊತ್ತಿಗೆ ಕತ್ತು ತಿರುಗಿಸಲಾಗಲಿಲ್ಲ. ಆಚಾರ್ರು, "ಇದು ಕುಲುಮೆಯೋರಿಗೆ ಸರಿ ಮೇಷ್ಟ್ರೇ, ಅಲ್ಲಿ ಕಿಡಿ ಹಾರ್ತದೆ. ನಮ್ಮ ಮರದಲ್ಲಿ ಯಾವ ಕಿಡಿ?" ಎಂದರು. ಸತ್ಯ. ಚರ್ಮ ಇರುವುದು ಬೆಂಕಿಯೆದುರು ನಿಲ್ಲುವವರಿಗೆ, ಬೆಸುಗೆ ಹಾಕುವವರಿಗೆ. ಮರಗೆಲಸದವನಿಗೆ, ಅದರಲ್ಲಿಯೂ ನಮ್ಮ ಹವೆಯಲ್ಲಿ, ಹತ್ತಿಯ ಬಟ್ಟೆಯೇ ಯೋಗ್ಯ.

ಹತ್ತಿಯಲ್ಲಿಯೂ ಯಾವುದು? ಬಟ್ಟೆಯ ದಪ್ಪವನ್ನು ತೂಕದಿಂದ ಹೇಳುವುದು ವಾಡಿಕೆ: ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು. ಹಳೆಯ ಲೆಕ್ಕದಲ್ಲಿ ಒಂದು ಚದರ ಗಜಕ್ಕೆ ಇಷ್ಟು ಔನ್ಸ್ ಎಂದೂ ಹೇಳುತ್ತಾರೆ. ಒಂದು ಔನ್ಸ್ ಎಂದರೆ ಚದರ ಮೀಟರಿಗೆ ಸುಮಾರು 34 ಗ್ರಾಂ ಎಂದು ಹಿಡಿದರೆ ಲೆಕ್ಕ ಸುಲಭ. ನಾವು ತೊಡುವ ಅಂಗಿಯ ಬಟ್ಟೆ 110ರಿಂದ 150 ಗ್ರಾಂ ಇದ್ದೀತು. ಅದು ಸಿಬಿರನ್ನು ತಡೆಯದು. 500 ಗ್ರಾಂ ದಾಟಿದ ಕ್ಯಾನ್ವಾಸು ಡೇರೆಯ ಬಟ್ಟೆಯಂತೆ ಸೆಟೆದು ನಿಲ್ಲುತ್ತದೆ. ಬಗ್ಗಿದರೆ ಎದೆಗೆ ಒತ್ತುತ್ತದೆ. ಇವೆರಡರ ನಡುವೆ, 300ರಿಂದ 400 ಗ್ರಾಂ, ಎಂದರೆ ಒಂಬತ್ತರಿಂದ ಹನ್ನೆರಡು ಔನ್ಸಿನ ಕ್ಯಾನ್ವಾಸೋ ಡೆನಿಮ್ಮೋ ಹದವಾದದ್ದು. ನೇಯ್ಗೆ ಒತ್ತಾಗಿರಬೇಕು, ಬೆಳಕಿಗೆ ಹಿಡಿದರೆ ಕಿಂಡಿಗಳು ಕಾಣಬಾರದು. ಮೈ ನುಣುಪಾಗಿರಬೇಕು, ಜುಂಗುಳ್ಳ ಬಟ್ಟೆಗೆ ಹೊಟ್ಟು ಅಂಟಿಕೊಂಡರೆ ಕೊಡವಿದರೂ ಬಿಡದು. ಮೇಣ ಹಚ್ಚಿದ ಕ್ಯಾನ್ವಾಸು ನೀರನ್ನೂ ಧೂಳನ್ನೂ ದೂರವಿಡುತ್ತದೆಂಬುದು ನಿಜ. ಆದರೆ ಅದು ಗಾಳಿಯನ್ನೂ ದೂರವಿಡುತ್ತದೆ, ಬಿಸಿನೀರಿನಲ್ಲಿ ಒಗೆದರೆ ಮೇಣವೇ ಬಿಟ್ಟುಹೋಗುತ್ತದೆ. ಅದು ಚಳಿಯ ದೇಶಗಳವರಿಗೆ ಹಿತ. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಹಗುರ, ಅಗ್ಗ; ಆದರೆ ಉಳಿ ಮಸೆಯುವ ಯಂತ್ರದಿಂದ ಒಂದು ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತವೆ. ಅವು ಬೇಡ.

ಇಲ್ಲಿ ಇನ್ನೊಂದು ಸಂಗತಿ ನೆನಪಾಗುತ್ತದೆ. ಕೆಲಸಗಾರರ ಒರಟು ಬಟ್ಟೆಗೆ ಇಂಗ್ಲಿಷಿನಲ್ಲಿ ಡಂಗರಿ ಎನ್ನುತ್ತಾರಲ್ಲ, ಆ ಹೆಸರು ಹೋದದ್ದು ನಮ್ಮ ದೇಶದಿಂದಲೇ. ಹಿಂದಿಯ ಡುಂಗ್ರೀ ಎಂಬ ದಪ್ಪ ಹತ್ತಿಬಟ್ಟೆಯ ಹೆಸರು ಹಡಗು ಹತ್ತಿ ಹೋಗಿ ಲೋಕದ ದುಡಿಯುವವರ ಮೈಯೇರಿತು. ನಾವೇ ನೇಯ್ದು ಕಳುಹಿಸಿದ್ದನ್ನು ನಾವು ತೊಡಲು ಸಂಕೋಚಪಡಬೇಕಾಗಿಲ್ಲ.

ಎರಡನೆಯ ಪ್ರಶ್ನೆ, ಭಾರವನ್ನು ಮೈಯ ಯಾವ ಭಾಗ ಹೊರಬೇಕೆಂಬುದು. ಅಂಗಡಿಯಲ್ಲಿ ಸಿಗುವ ಬಹುಪಾಲು ಏಪ್ರನ್ನುಗಳು ಕೊರಳಿಗೆ ಮಾಲೆಯಂತೆ ಹಾಕಿಕೊಳ್ಳುವಂಥವು. ತೊಡಲು ಸುಲಭ. ಆದರೆ ಬಟ್ಟೆಯ ತೂಕ, ಜೇಬಿನ ಸಾಮಾನಿನ ತೂಕ ಎಲ್ಲವೂ ಕತ್ತಿನ ಹಿಂಭಾಗದ ಎರಡು ಬೆರಳಗಲದ ಜಾಗದಲ್ಲಿ ಕುಳಿತುಕೊಳ್ಳುತ್ತದೆ. ಮರಗೆಲಸದವನು ತಲೆ ಬಗ್ಗಿಸಿಯೇ ಇರುವವನು. ಬಗ್ಗಿದ ಕತ್ತಿಗೆ ಭಾರ ಹೇರಿದರೆ ವಯಸ್ಸಾದವರಿಗೆ ನೋವು ತಪ್ಪದು. ಇದಕ್ಕೆ ಪರಿಹಾರ, ಬೆನ್ನಿನ ಮೇಲೆ ಅಡ್ಡಹಾಯುವ ಎರಡು ಪಟ್ಟಿಗಳು. ಎದೆಯ ಮೂಲೆಗಳಿಂದ ಹೊರಟ ಪಟ್ಟಿಗಳು ಭುಜವನ್ನು ಹಾಯ್ದು, ಬೆನ್ನಿನಲ್ಲಿ ಗುಣಾಕಾರದ ಚಿಹ್ನೆಯಂತೆ ಒಂದನ್ನೊಂದು ದಾಟಿ, ಸೊಂಟದ ಎರಡು ಪಕ್ಕಗಳಿಗೆ ಇಳಿಯುತ್ತವೆ. ಭಾರ ಆಗ ಎರಡು ಹೆಗಲ ಮೇಲೆ ಹಂಚಿಹೋಗುತ್ತದೆ. ಹೊರೆ ಹೊರುವವರು ಹೆಗಲಿಗೆ ಹಾಕಿಕೊಳ್ಳುತ್ತಾರೆಯೇ ಹೊರತು ಕೊರಳಿಗೆ ನೇತುಹಾಕಿಕೊಳ್ಳುವುದಿಲ್ಲವಷ್ಟೆ. ಪಟ್ಟಿಗಳು ಮೂರು ನಾಲ್ಕು ಸೆಂಟಿಮೀಟರ್ ಅಗಲವಾಗಿರಬೇಕು. ಕಿರಿದಾದರೆ ಹೆಗಲನ್ನು ಕೊರೆಯುತ್ತವೆ. ಅಳತೆ ಹೆಚ್ಚುಕಡಿಮೆ ಮಾಡಿಕೊಳ್ಳುವ ಬಕಲುಗಳಿದ್ದರೆ ಚಳಿಗಾಲದಲ್ಲಿ ಸ್ವೆಟರಿನ ಮೇಲೂ ತೊಡಬಹುದು. ಆದರೆ ಆ ಬಕಲು, ಲೋಹದ ರಿವೆಟ್ಟು ಯಾವುದೂ ಮುಂಭಾಗದಲ್ಲಿರಕೂಡದು. ಏಕೆನ್ನುವಿರೋ? ನಾನು ಹದಿನೈದು ದಿನ ಉಜ್ಜಿ ನುಣುಪು ಮಾಡಿದ ಬೀಟೆಯ ಹಲಗೆಯೊಂದರ ಮೇಲೆ ಬಾಗಿ, ಎದೆಯ ಬಕಲಿನಿಂದ ಒಂದು ಗೇಣುದ್ದ ಗೀರು ಎಳೆದವನು. ಆ ಗೀರು ಇಂದಿಗೂ ನಮ್ಮ ಮನೆಯ ಪುಸ್ತಕದ ಕಪಾಟಿನಲ್ಲಿದೆ. ಅದರ ಮುಂದೆ ಒಂದು ದಪ್ಪ ನಿಘಂಟನ್ನು ಇಟ್ಟಿದ್ದೇನೆ.

ಮೂರನೆಯದು ಜೇಬುಗಳ ವಿಚಾರ. ನನ್ನ ಎರಡನೆಯ ಏಪ್ರನ್ನಿನಲ್ಲಿ ಹನ್ನೊಂದು ಜೇಬುಗಳಿದ್ದವು. ಅಂಗಡಿಯವನು ಒಂದೊಂದನ್ನೂ ತೆರೆದು ತೋರಿಸಿದಾಗ ನನಗೆ ಅಷ್ಟೈಶ್ವರ್ಯ ಬಂದಂತಾಯಿತು. ಒಂದು ವಾರದಲ್ಲಿ ಹನ್ನೊಂದೂ ಹೊಟ್ಟಿನಿಂದ ತುಂಬಿದವು. ಹತ್ತರಿ ಹೊಡೆಯುವಾಗ, ಗರಗಸ ಎಳೆಯುವಾಗ ಬಾಯಿ ತೆರೆದ ಜೇಬು ಬಿಕ್ಷಾಪಾತ್ರೆಯಂತೆ ಬಿದ್ದದ್ದನ್ನೆಲ್ಲ ಸ್ವೀಕರಿಸುತ್ತದೆ. ಅಲ್ಲದೆ ತುಂಬಿದ ಜೇಬು ಉಬ್ಬಿಕೊಂಡು ಕೆಲಸದ ಮೇಜಿನ ಅಂಚಿಗೂ ವೈಸಿನ ಹಿಡಿಗೂ ಸಿಕ್ಕಿಕೊಳ್ಳುತ್ತದೆ. ಎದೆಯ ಮೇಲೆ ಮುಚ್ಚಳವಿರುವ ಒಂದು ಸಣ್ಣ ಜೇಬು, ಅದರಲ್ಲಿ ಸೀಸದ ಕಡ್ಡಿಗೆ ಒಂದು ಕಿರಿದಾದ ಸಾಲು. ಸೊಂಟದ ಕೆಳಗೆ ಎರಡು ಪಕ್ಕಗಳಲ್ಲಿ ಎರಡು ಜೇಬು: ಇಷ್ಟು ಸಾಕು. ನಡುವೆ ಒಂದೇ ದೊಡ್ಡ ಜೇಬು ಇದ್ದರೆ ಬಗ್ಗಿದಾಗ ಸಾಮಾನೆಲ್ಲ ತೊಡೆಯ ನಡುವೆ ಜೋತು ಬೀಳುತ್ತದೆ. ಲೇತಿನಲ್ಲಿ ಮರ ಕಡೆಯುವವರಿಗೆ ಹೊಟ್ಟು ಮಳೆಯಂತೆ ಎದೆಯ ಮೇಲೆ ಬೀಳುವುದರಿಂದ, ಅವರಿಗಾಗಿ ಮಾಡುವ ಮೇಲುಡುಪಿನಲ್ಲಿ ಜೇಬುಗಳನ್ನು ಹಿಂಭಾಗಕ್ಕೆ, ಸೊಂಟದ ಹಿಂದೆ ಇಟ್ಟಿರುತ್ತಾರೆ. ಕೊರಳನ್ನು ಎತ್ತರವಾಗಿ ಮುಚ್ಚಿರುತ್ತಾರೆ. ಬಹಳ ವಿವೇಕದ ಏರ್ಪಾಟು. ಯಾವ ಜೇಬಾದರೂ ಸರಿ, ಉಳಿಯನ್ನಾಗಲಿ ಚೂಪಾದ ಗುರುತುಕಡ್ಡಿಯನ್ನಾಗಲಿ ಅದರಲ್ಲಿ ಇಡಕೂಡದು. ಬಗ್ಗಿದಾಗ ಅದರ ಮೊನೆ ಹೊಟ್ಟೆಯ ಕಡೆಗೋ ತೊಡೆಯ ಕಡೆಗೋ ತಿರುಗುತ್ತದೆ. ಉಳಿಗೆ ಮೇಜೇ ಮನೆ.

ಉದ್ದ ಎಷ್ಟಿರಬೇಕು? ನಿಂತು ಕೆಲಸ ಮಾಡುವವರಿಗೆ ಮೊಣಕಾಲಿನ ತುಸು ಮೇಲಕ್ಕೆ ನಿಂತರೆ ಸಾಕು. ಅದಕ್ಕಿಂತ ಉದ್ದವಾದರೆ ಬಗ್ಗಿ ಏಳುವಾಗ ಕಾಲಿಗೆ ತೊಡರುತ್ತದೆ. ಆದರೆ ನಮ್ಮ ನಾಡಿನ ಕುಶಲಕರ್ಮಿಗಳಲ್ಲಿ ಬಹುಮಂದಿ ನೆಲದ ಮೇಲೆ ಕುಳಿತು ಕೆಲಸ ಮಾಡುವವರು. ಮೈಸೂರಿನಲ್ಲಿ ಬೀಟೆಯ ಹಲಗೆಯ ಮೇಲೆ ಬಣ್ಣಬಣ್ಣದ ಮರದ ತುಣುಕುಗಳನ್ನು ಕೂರಿಸಿ ಚಿತ್ರ ಮಾಡುವವರನ್ನು ನೋಡಿ, ಸಾಗರ ಸೊರಬಗಳ ಗುಡಿಗಾರರು ಗಂಧದ ಮರ ಕೆತ್ತುವುದನ್ನು ನೋಡಿ. ಕಾಲೂ ಅವರಿಗೊಂದು ಕೈ; ಪಾದದಿಂದ ಮರವನ್ನು ಒತ್ತಿ ಹಿಡಿಯುತ್ತಾರೆ. ಅಂಥವರಿಗೆ ನೆಟ್ಟನೆಯ ಏಪ್ರನ್ ಅಡ್ಡಿಯೇ. ಕೆಳಭಾಗವನ್ನು ನಡುವೆ ಸೀಳಿ, ಎರಡು ತೊಡೆಗೂ ಬೇರೆ ಬೇರೆಯಾಗಿ ಹೊದೆಯುವಂತೆ ಹೊಲಿಸಿದರೆ ಚಕ್ಕಂಬಕ್ಕಳ ಹಾಕಿ ಕೂರಬಹುದು. ಪರದೇಶದ ಮಾದರಿಯನ್ನು ತರುವಾಗ ನಮ್ಮ ಕೂರುವ ರೀತಿಯನ್ನು ಮರೆಯಬಾರದೆಂಬುದಕ್ಕೆ ಇದೊಂದು ಉದಾಹರಣೆ.

ಈಗ ಆ ಅರ್ಧ ಕ್ಷಣದ ಕಥೆ. ಚರ್ಮದ್ದೂ ಬೇಡ, ಹನ್ನೊಂದು ಜೇಬಿನದೂ ಬೇಡವೆಂದು, ನಮ್ಮ ಮನೆಯವರೇ ಹಳೆಯ ಕ್ಯಾನ್ವಾಸಿನಿಂದ ನನಗೊಂದು ಏಪ್ರನ್ ಹೊಲಿದುಕೊಟ್ಟಿದ್ದರು. ಸೊಂಟಕ್ಕೆ ಕಟ್ಟಲು ತಮ್ಮ ಹಳೆಯ ಲಂಗದ ಹತ್ತಿಯ ಲಾಡಿಯನ್ನೇ ಹಾಕಿದ್ದರು. "ಈ ಲಾಡಿ ಲಡ್ಡು ಹಿಡಿದಿದೆ, ಒಳ್ಳೆಯ ನೈಲಾನ್ ಪಟ್ಟಿ ಹಾಕಬಾರದಿತ್ತೆ?" ಎಂದು ನಾನು ಗೊಣಗಿದ್ದೆ. ಲಾಡಿ ಉದ್ದವಾಗಿದ್ದುದರಿಂದ ಹಿಂದಿನಿಂದ ಸುತ್ತಿ ತಂದು ಮುಂದೆ ಗಂಟು ಹಾಕುತ್ತಿದ್ದೆ. ಎರಡು ತುದಿಗಳು ಮೊಳಕ್ಕೆ ಸ್ವಲ್ಪ ಕಡಿಮೆ ಜೋತಾಡುತ್ತಿದ್ದವು. ಆ ದಿನ ಆಚಾರ್ರ ಕೊಟ್ಟಿಗೆಯಲ್ಲಿ ಲೇತಿನ ಮುಂದೆ ನಿಂತು ಒಂದು ಕಡಗೋಲಿನ ಹಿಡಿಯನ್ನು ಕಡೆಯುತ್ತಿದ್ದೆ. ಮರದ ನುಣುಪನ್ನು ನೋಡಬೇಕೆಂದು ತುಸು ಮುಂದೆ ಬಾಗಿದೆ. ಮುಂದಿನದು ನನಗೆ ತಿಳಿಯಲೇ ಇಲ್ಲ. ಯಾರೋ ಸೊಂಟ ಹಿಡಿದು ಜಗ್ಗಿದಂತಾಯಿತು, ಎದೆ ಹೋಗಿ ಯಂತ್ರದ ಅಂಚಿಗೆ ಬಡಿಯಿತು, ಪಟ್ಟನೆ ಸದ್ದಾಯಿತು, ನಾನು ಹಿಂದಕ್ಕೆ ಬಿದ್ದಿದ್ದೆ. ಆಚಾರ್ರು ಓಡಿಬಂದು ವಿದ್ಯುತ್ತು ತೆಗೆದರು. ತಿರುಗುತ್ತಿದ್ದ ಮರದ ಮೇಲೆ ಲಾಡಿ ಬುಗುರಿಗೆ ಚಾಟಿ ಸುತ್ತಿದಂತೆ ಸುತ್ತಿಕೊಂಡಿತ್ತು. ಹಳೆಯ ಹತ್ತಿಯ ಲಾಡಿ, ಹರಿದಿತ್ತು. ಅದು ಹರಿದದ್ದರಿಂದ ನಾನು ಈ ಹೊತ್ತು ತಮ್ಮೊಡನೆ ಮಾತನಾಡುತ್ತಿದ್ದೇನೆ.

ಆಮೇಲೆ ಕುಳಿತು ಲೆಕ್ಕ ಹಾಕಿದೆ. ಆ ಲೇತು ನಿಮಿಷಕ್ಕೆ 1500 ಸುತ್ತು ತಿರುಗುತ್ತಿತ್ತು; ಎಂದರೆ ಸೆಕೆಂಡಿಗೆ 25 ಸುತ್ತು. ಮರದ ವ್ಯಾಸ 4 ಸೆಂಟಿಮೀಟರ್. ಒಂದು ಸುತ್ತಿಗೆ ಸುಮಾರು ಹನ್ನೆರಡೂವರೆ ಸೆಂಟಿಮೀಟರ್ ಲಾಡಿ ಸುತ್ತಿಕೊಳ್ಳುತ್ತದೆ. ಸೆಕೆಂಡಿಗೆ ಮೂರು ಮೀಟರಿಗೂ ಹೆಚ್ಚು! ಕಣ್ಣು ಕಂಡದ್ದನ್ನು ಮನಸ್ಸು ಅರಿತು ಕೈ ಅಲುಗಬೇಕಾದರೆ ಎಂಥ ಚುರುಕಿನವನಿಗೂ ಒಂದು ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಅರವತ್ತು ಸೆಂಟಿಮೀಟರ್ ಲಾಡಿ ಒಳಗೆ ಹೋಗಿರುತ್ತದೆ. ಜೋತಾಡುತ್ತಿದ್ದ ತುದಿಯಷ್ಟೇ ಅಲ್ಲ, ಸೊಂಟವೂ ಅದರ ಹಿಂದೆ ಹೊರಟಿರುತ್ತದೆ. ಎಚ್ಚರದಿಂದಿದ್ದರೆ ಸಾಕು ಎನ್ನುವವರಿಗೆ ಈ ಲೆಕ್ಕವೇ ಉತ್ತರ. ಯಂತ್ರದ ಮುಂದೆ ಎಚ್ಚರವೆಂಬುದು ಕೆಲಸಕ್ಕೆ ಮುಂಚೆ, ಉಡುಪು ತೊಡುವಾಗ ಇರಬೇಕಾದದ್ದು. ಸಿಕ್ಕಿಕೊಂಡ ಮೇಲೆ ಅದಕ್ಕೆ ಸಮಯವಿಲ್ಲ.

ಅಂದು ಸಂಜೆ ಆಚಾರ್ರು ತಮ್ಮ ಎಡಗೈಯ ತೋರುಬೆರಳನ್ನು ನನ್ನ ಮುಂದೆ ಹಿಡಿದರು. ಅದರ ತುದಿಯ ಗೆಣ್ಣು ಇರಲಿಲ್ಲ. ನಾನು ಅದನ್ನು ಎಷ್ಟೋ ಸಲ ನೋಡಿದ್ದೆ. ಉಳಿ ತಾಗಿರಬೇಕೆಂದು ಎಣಿಸಿ ಕೇಳದೆ ಬಿಟ್ಟಿದ್ದೆ. "ಉಳಿ ಅಲ್ಲ ಮೇಷ್ಟ್ರೇ. ಇಪ್ಪತ್ತು ವಯಸ್ಸಿನಲ್ಲಿ ಒಂದು ಮಿಲ್ಲಿನಲ್ಲಿದ್ದೆ. ಕೈಗೆ ಸಿಬಿರು ಹತ್ತಬಾರದು ಅಂತ ಗವುಸು ಹಾಕಿಕೊಂಡು ಬೈರಿಗೆ ಯಂತ್ರದ ಹತ್ತಿರ ಹೋದೆ. ಯಂತ್ರ ಬೆರಳು ಹಿಡೀಲಿಲ್ಲ, ಗವುಸು ಹಿಡೀತು" ಎಂದರು. ರಕ್ಷಣೆಗೆಂದು ತೊಟ್ಟದ್ದೇ ಬೆರಳನ್ನು ಒಯ್ದಿತ್ತು. ತಿರುಗುವ ಯಂತ್ರದ ಮುಂದೆ ಕೈಗವುಸು, ಉದ್ದ ತೋಳು, ಉಂಗುರ, ಉತ್ತರೀಯ, ಸಡಿಲ ಜಡೆ ಇವೊಂದೂ ಇರಬಾರದು. ಏಪ್ರನ್ನಿನ ಲಾಡಿಯನ್ನು ಹಿಂದೆಯೇ ಕಟ್ಟಬೇಕು. ತುದಿಗಳನ್ನು ಒಳಗೆ ಸಿಕ್ಕಿಸಬೇಕು. ಇನ್ನೂ ಒಳ್ಳೆಯದೆಂದರೆ ಲಾಡಿಯೇ ಬೇಡ. ಬಲವಾಗಿ ಎಳೆದರೆ ತಾನಾಗಿ ಬಿಚ್ಚಿಕೊಳ್ಳುವ ಒತ್ತುಗುಂಡಿಯನ್ನೋ ವೆಲ್ಕ್ರೋ ಪಟ್ಟಿಯನ್ನೋ ಹಾಕಿಸಬೇಕು. ಉಡುಪು ಗಟ್ಟಿಯಾಗಿರಲಿ, ಆದರೆ ಅದನ್ನು ಮೈಗೆ ಕಟ್ಟುವ ಬಂಧ ಸಮಯ ಬಂದಾಗ ಸೋಲುವಂತಿರಲಿ. ನಾನು ಹಂಬಲಿಸಿದ್ದ ನೈಲಾನ್ ಪಟ್ಟಿ ಸೋಲುತ್ತಿರಲಿಲ್ಲ.

ಬಟ್ಟೆಯ ಪೋಷಣೆಯ ವಿಚಾರವಾಗಿ ಎರಡು ಮಾತು. ಮರದ ಧೂಳು ನಿರುಪದ್ರವಿಯೆಂದು ನಾವು ತಿಳಿದಿದ್ದೇವೆ. ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗಕ್ಕೆ 1995ರಲ್ಲಿಯೇ ಸೇರಿಸಿದೆ. ಅಪಾಯ ವಿಶೇಷವಾಗಿ ಮೂಗಿನ ಒಳಭಾಗಕ್ಕೆ. ಬೀಟೆ, ತೇಗಗಳ ಧೂಳಿನಿಂದ ಕೆಲವರಿಗೆ ಮೈ ತುರಿಸಿ ದದ್ದು ಏಳುವುದೂ ಉಂಟು. ಆದ್ದರಿಂದ ಕೆಲಸದ ಏಪ್ರನ್ನನ್ನು ತೊಟ್ಟುಕೊಂಡೇ ಊಟಕ್ಕೆ ಕೂರುವುದು, ಮಗುವನ್ನೆತ್ತಿಕೊಳ್ಳುವುದು ಸಲ್ಲದು. ಬಯಲಿನಲ್ಲಿ, ಮೂಗು ಮುಚ್ಚಿಕೊಂಡು, ಒದ್ದೆ ಬಟ್ಟೆಯಿಂದ ಒರೆಸಿ, ಅಲ್ಲಿಯೇ ಮೊಳೆಗೆ ನೇತುಹಾಕಿ ಒಳಗೆ ಬರಬೇಕು. ಮನೆಯ ಇತರ ಬಟ್ಟೆಗಳೊಡನೆ ಅದನ್ನು ಒಗೆಯಬಾರದು.

ಎರಡನೆಯದು ಇನ್ನೂ ಮುಖ್ಯ. ಮರಕ್ಕೆ ಹೊಳಪು ಕೊಡಲು ಅಗಸೆ ಎಣ್ಣೆ ಹಚ್ಚುವುದುಂಟು. ಹಚ್ಚಿದ ಕೈಯನ್ನು ಏಪ್ರನ್ನಿಗೇ ಒರೆಸುವುದೂ ಉಂಟು. ಅಗಸೆ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದೊಡನೆ ಸೇರುವುದು. ಹಾಗೆ ಸೇರುವಾಗ ಶಾಖ ಹುಟ್ಟುತ್ತದೆ. ಬಟ್ಟೆಯನ್ನು ಹರವಿದ್ದರೆ ಆ ಶಾಖ ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿ ಮೂಲೆಗೆಸೆದರೆ ಶಾಖ ಒಳಗೇ ಕೂಡಿ, ಯಾರೂ ಬೆಂಕಿ ಸೋಕಿಸದೆಯೇ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಕೆಳಗೆ ಹೊಟ್ಟಿನ ರಾಶಿಯಿದ್ದರೆ ಕೇಳಬೇಕೆ? ಎಣ್ಣೆ ಸೋಕಿದ ಏಪ್ರನ್ನನ್ನು ಹೊರಗೆ ಹಗ್ಗದ ಮೇಲೆ ಒಂದೇ ಪದರವಾಗಿ ಹರವಿ ಪೂರ್ತಿ ಒಣಗಿಸಬೇಕು. ಕೈ ಒರೆಸಲು ಬೇರೆ ಚಿಂದಿ ಇಟ್ಟುಕೊಂಡು, ಅದನ್ನು ನೀರಿನಲ್ಲಿ ಮುಳುಗಿಸಿಡುವುದು ಇನ್ನೂ ಕ್ಷೇಮ.

ಕೊಳ್ಳುವುದಕ್ಕಿಂತ ಹೊಲಿಸುವುದೇ ಮೇಲೆಂದು ನನ್ನ ಅನುಭವ. ಒಂದೂವರೆ ಮೀಟರ್ ಕ್ಯಾನ್ವಾಸು ಸಾಕು. ಕೋರಾ ಬಟ್ಟೆ ಕುಗ್ಗುತ್ತದೆಯಾದ್ದರಿಂದ ಮೊದಲು ನೀರಿನಲ್ಲಿ ನೆನೆಸಿ, ಒಗೆದು, ಒಣಗಿಸಿ ಆಮೇಲೆ ದರ್ಜಿಗೆ ಕೊಡಬೇಕು. ನನ್ನದು ಎದೆಯ ಬಳಿ 28 ಸೆಂಟಿಮೀಟರ್ ಅಗಲ, ಸೊಂಟದ ಬಳಿ 70, ಒಟ್ಟು ಉದ್ದ 85. ನನ್ನ ಎತ್ತರ ಐದಡಿ ಆರಂಗುಲ; ತಮ್ಮ ತಮ್ಮ ಮೈಗೆ ತಕ್ಕಂತೆ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಹೊಲಿದು ತಂದ ಮೇಲೆ ಕನ್ನಡಿಯ ಮುಂದೆ ನಿಂತು ನೋಡುವುದರಿಂದ ಪ್ರಯೋಜನವಿಲ್ಲ. ಬಗ್ಗಿ ನೋಡಿ, ಕುಕ್ಕರಗಾಲಿನಲ್ಲಿ ಕುಳಿತು ನೋಡಿ, ಎರಡು ಕೈಗಳನ್ನೂ ಗರಗಸ ಎಳೆಯುವಂತೆ ಆಡಿಸಿ ನೋಡಿ. ಎಲ್ಲಿಯೂ ಎಳೆಯಬಾರದು, ಎಲ್ಲಿಯೂ ಜೋತಾಡಬಾರದು. ಕಡೆಗೆ ಒಂದೇ ಕೈಯಿಂದ, ಕಣ್ಣು ಮುಚ್ಚಿ, ಅದನ್ನು ಬಿಚ್ಚಲಾಗುತ್ತದೆಯೇ ಪರೀಕ್ಷಿಸಿ.

ಈ ಅಳತೆಯಲ್ಲಿ ನಾನು ಎರಡನ್ನು ಹೊಲಿಸಿದೆ. ಒಂದನ್ನು ಆಚಾರ್ರಿಗೆ ಕೊಟ್ಟೆ. ಐವತ್ತು ವರ್ಷ ಟವಲಿನಲ್ಲಿ ಕೆಲಸ ಮಾಡಿದವರು. ತೊಡುವರೋ ಇಲ್ಲವೋ ಎಂಬ ಅನುಮಾನ ನನಗಿತ್ತು. ಅವರು ಅದನ್ನು ತಿರುವಿ ಮುರುವಿ ನೋಡಿ, ಕತ್ತರಿ ತಂದು ಪಕ್ಕದ ಜೇಬುಗಳಲ್ಲಿ ಒಂದನ್ನು ಬಿಚ್ಚಿಹಾಕಿದರು. ಕೆಳಗಿನ ಅಂಚನ್ನು ನಡುವೆ ಸೀಳಿ ಮಡಿಸಿ ಹೊಲಿಸಿಕೊಂಡರು. ಸೀಸದ ಕಡ್ಡಿ ಮಾತ್ರ ಕಿವಿಯ ಮೇಲಿಂದ ಇಳಿದಿಲ್ಲ. ಈಗ ಅವರ ಮೊಮ್ಮಗ ರಜೆಯ ದಿನಗಳಲ್ಲಿ ಲೇತಿನ ಹತ್ತಿರ ಬಂದರೆ, "ಮೊದಲು ಅದನ್ನು ಹಾಕಿಕೋ, ತುದಿ ಒಳಗೆ ಸಿಕ್ಕಿಸು" ಎನ್ನುತ್ತಾರೆ. ಹುಡುಗ ಹಾಕಿಕೊಳ್ಳುವವರೆಗೆ ಯಂತ್ರದ ಗುಂಡಿಯನ್ನು ಒತ್ತುವುದಿಲ್ಲ.

ನಮ್ಮ ಮನೆಯ ಹಳೆಯ ಏಪ್ರನ್ನು, ಲಾಡಿ ಹರಿದದ್ದು, ಇನ್ನೂ ಇದೆ. ಅದನ್ನು ಎಸೆಯಲು ನನಗೆ ಮನಸ್ಸಾಗಲಿಲ್ಲ. ಹೊಸ ಲಾಡಿ ಹಾಕಲು ನಮ್ಮ ಮನೆಯವರು ಒಪ್ಪಲಿಲ್ಲ.